ಎದುರಂಗಡಿಯವರು ತಂದ ಬಿರುಗಾಳಿಯ ಸುದ್ದಿ

ಎರಡು ವರ್ಷದ ಹಿಂದಿನ ಮೇ ತಿಂಗಳು. ನನ್ನ ಗಂಡ ಮದುವೆಯೊಂದಕ್ಕೆಂದು ಕುಂದಾಪುರಕ್ಕೆ ಹೋಗಿದ್ದರು. ದೆಹಲಿಯ ಲಕ್ಷ್ಮೀ ನಗರದಲ್ಲಿರುವ ನಮ್ಮ ಇಡ್ಲಿ-ದೋಸೆಯ ಪುಟ್ಟ ಹೋಟೆಲನ್ನು ಒಂದು ವಾರ ನಾನೇ ನೋಡಿಕೊಳ್ಳಬೇಕಿತ್ತು. ಹೊರಡುವಾಗ ಅವರು ಎರಡು ಸಲ ಹೇಳಿದ್ದು ಒಂದೇ ಮಾತು: "ಎದುರಿನ ಖುರಾನಾ ಏನೇ ಹೇಳಿದ್ರೂ ಹ್ಞೂಂ ಅನ್ಬೇಡ."

ಖುರಾನಾ ಅವರದು ಛೋಲೆ-ಭಟೂರೆ ಅಂಗಡಿ. ವಯಸ್ಸು ಅರವತ್ತು ದಾಟಿತ್ತು. ನಾವು ನಮ್ಮ ಹೋಟೆಲಿನ ಮುಂದೆ ತಗಡಿನ ಮಾಡು ಹಾಕಿ, ಕೆಳಗೆ ಐದು ಮೇಜು ಇಟ್ಟಿದ್ದೆವು. ಸಂಜೆ ಕೋಚಿಂಗ್ ಬಿಟ್ಟ ಹುಡುಗ ಹುಡುಗಿಯರು ಕೂರುವುದು ಅಲ್ಲೇ. ಅದರ ಹಿಂದಿನ ಚಳಿಗಾಲದಲ್ಲಿ ಯಾರೋ ಅದರ ಫೋಟೊ ತೆಗೆದು ರಸ್ತೆ ಒತ್ತುವರಿಯೆಂದು ದೂರು ಕೊಟ್ಟಿದ್ದರಿಂದ, ನಮ್ಮ ಬೆಂಚುಗಳನ್ನು ಪಾಲಿಕೆಯ ಲಾರಿ ಹೊತ್ತೊಯ್ದಿತ್ತು. ಅದು ಖುರಾನಾರದೇ ಕೆಲಸವೆಂದು ನಾವು ತೀರ್ಮಾನಿಸಿದ್ದೆವು.

ಆ ವಾರದಲ್ಲೊಂದು ಸಂಜೆ ಐದರ ಹೊತ್ತಿಗೆ ಹೋಟೆಲಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು. ಜೋರು ಬಿರುಗಾಳಿ ಬರುತ್ತಿದೆ, ಮರದ ಕೆಳಗೆ, ತಗಡಿನ ಸೂರಿನ ಕೆಳಗೆ ನಿಲ್ಲಬೇಡಿ ಎಂದು ಹಿಂದಿಯಲ್ಲಿ ಸಂದೇಶ. ಹೊರಗೆ ನೋಡಿದರೆ ಸುಡುವ ಬಿಸಿಲು, ಒಂದೆಲೆಯೂ ಅಲುಗುತ್ತಿಲ್ಲ.

ಹೊರಗಿನ ಮೇಜಿನಲ್ಲಿ ಲೆಕ್ಕ ಮಾಡುತ್ತಿದ್ದ ನನ್ನ ಮಗಳು ಅದಿತಿ, ಆಗ ಒಂಬತ್ತನೇ ಕ್ಲಾಸು, "ಮಮ್ಮಿ, ಟಚ್ ಮತ್ ಕರೋ, ಫ್ರಾಡ್ ಇರ್ಬೋದು" ಎಂದು ಕೂಗಿದಳು. ಹಿಂದಿನ ವಾರವಷ್ಟೇ ಪಕ್ಕದ ಫ್ಲ್ಯಾಟಿನವರು ಯಾವುದೋ ಸಂದೇಶ ಒತ್ತಿ ಪೇಚಿಗೆ ಸಿಕ್ಕಿದ್ದರು. ನಾನು ಫೋನನ್ನು ಮಗುಚಿ ಹಾಕಿದೆ.

ಐದು ನಿಮಿಷವೂ ಆಗಿರಲಿಲ್ಲ, ಖುರಾನಾ ರಸ್ತೆ ದಾಟಿ ಬಂದರು.

"ಬೆಹೆನ್‌ಜೀ, ಮೆಸೇಜ್ ನೋಡಿದ್ರಾ? ಮಕ್ಕಳನ್ನ ಒಳಗೆ ಕರೀರಿ. ಈ ತಗಡು ನಿಲ್ಲಲ್ಲ," ಎಂದರು ಹಿಂದಿಯಲ್ಲಿ.

"ಒಳಗೆ ಅಷ್ಟು ಜಾಗ ಎಲ್ಲಿದೆ?" ಎಂದೆ ನಾನು, ಮುಖ ಗಂಟಿಕ್ಕಿಕೊಂಡು.

"ನನ್ನ ಹತ್ರ ಕಳಿಸಿ."

ಓಹೋ, ಹೀಗೆ ಸಮಾಚಾರ! ಗಂಡ ಊರಲ್ಲಿಲ್ಲದ ಹೊತ್ತು ನೋಡಿ ಗಿರಾಕಿಗಳನ್ನು ಎಳೆದುಕೊಳ್ಳಲು ಬಂದಿದ್ದಾರೆ. "ಅಚ್ಛಾ, ನೋಡೋಣ" ಎಂದು ದೋಸೆ ಕಲ್ಲಿನ ಕಡೆ ತಿರುಗಿದೆ. ಅವರು ಪಕ್ಕದ ಮೊಬೈಲ್ ಅಂಗಡಿಗೆ ಹೋದರು. ಆಮೇಲೆ ಅದರ ಪಕ್ಕದ್ದಕ್ಕೆ.

ನನಗೆ ಅವರ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಅವರ ಮಾತು ಕೇಳಿ, ಬೀದಿಬದಿ ಗೋಲ್‌ಗಪ್ಪೆ ಮಾರುವ ಭಯ್ಯಾ ತನ್ನ ದೊಡ್ಡ ಛತ್ರಿ ಮಡಚಿದ. ಖುರಾನಾ ವಾಪಸು ಬಂದವರೇ ಎಣ್ಣೆ ಬಾಣಲೆಯ ಒಲೆ ಆರಿಸಿದರು, ಕಾಯುತ್ತಿದ್ದ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸಿದರು, ಶಟರನ್ನು ಅರ್ಧಕ್ಕೆ ಎಳೆದರು. ನನ್ನ ಗಿರಾಕಿ ಬೇಕಾದವರು ತಮ್ಮವರನ್ನೇಕೆ ಅಟ್ಟುತ್ತಾರೆ? ಮೊದಲ ಸಲ ನನ್ನ ಅನುಮಾನದ ಮೇಲೇ ನನಗೆ ಅನುಮಾನ ಬಂತು.

ಗುರುಗ್ರಾಮದಲ್ಲಿದ್ದ ನಾದಿನಿಗೆ ಫೋನ್ ಮಾಡಿದೆ. "ಅತ್ತಿಗೇ, ಇಲ್ಲಿ ಏನೂ ಕಾಣ್ತಿಲ್ಲ! ಧೂಳು ಗೋಡೆ ಥರ ಬಂತು, ಎದುರುಮನೆ ಕಿಟಕಿ ಕಿತ್ಕೊಂಡು—" ಅಷ್ಟರಲ್ಲಿ ಲೈನ್ ಕಟ್ಟಾಯಿತು. ಗಾಳಿ ಪಶ್ಚಿಮದಿಂದ ನಮ್ಮ ಕಡೆಗೇ ಬರುತ್ತಿತ್ತು.

ಆಮೇಲೆ ನಾನು ಹೇಗೆ ಕೂಗಿಕೊಂಡೆನೋ ತಿಳಿಯದು. "ಚಲೋ, ಎಲ್ಲಾ ಒಳಗೆ! ತಟ್ಟೆ ಅಲ್ಲೇ ಬಿಡಿ!" ಅದಿತಿ "ಒಂದೇ ಸಮ್ ಬಾಕಿ ಮಮ್ಮಿ" ಎಂದಳು. ರಟ್ಟೆ ಹಿಡಿದು ಎಳೆದು ತಂದೆ. ಒಳಗೆ ಜಾಗ ಸಿಗದ ಏಳೆಂಟು ಮಕ್ಕಳು ಖುರಾನಾರ ಶಟರಿನ ಕೆಳಗೆ ತೂರಿಕೊಂಡರು.

ನೋಡುನೋಡುತ್ತಲೇ ಬೆಳಕು ಕಂದಾಯಿತು. ಬಾಗಿಲನ್ನು ನಾಲ್ಕು ಜನ ಒತ್ತಿ ಹಿಡಿದರೂ ಅದು ಉಸಿರಾಡುವಂತೆ ಒಳಗೂ ಹೊರಗೂ ಆಡುತ್ತಿತ್ತು. ಒಮ್ಮೆಲೇ ಕಬ್ಬಿಣ ಸೀಳಿದಂಥ ಸದ್ದು. ನಮ್ಮ ತಗಡು ಒಂದು ಅಂಚಿನಿಂದ ಎದ್ದು, ಕಂಬವನ್ನೂ ಬಗ್ಗಿಸಿಕೊಂಡು ಮೇಜುಗಳ ಮೇಲೆ ಬಿತ್ತು. ಅದಿತಿ ಕೂತಿದ್ದ ಕುರ್ಚಿಯ ಬೆನ್ನು ಎರಡು ತುಂಡಾಗಿದ್ದು ಬಾಗಿಲ ಗಾಜಿನ ಮೂಲಕವೇ ಕಂಡಿತು. ಅವಳೂ ನೋಡಿದಳು. ನನ್ನ ಸೊಂಟ ತಬ್ಬಿಕೊಂಡಳು.

ಕಾಲು ಗಂಟೆಯಲ್ಲಿ ಗಾಳಿ ಮುಗಿದು ಮಳೆ ಶುರುವಾಯಿತು. ಮೂರನೇ ಮಹಡಿಯ ಜಾಹೀರಾತು ಫಲಕವೊಂದು ಕರೆಂಟಿನ ತಂತಿಗಳ ಮೇಲೆ ನೇತಾಡುತ್ತಿತ್ತು. ಆದರೆ ಎಚ್ಚರಿಕೆ ಬಂದಿದ್ದರಿಂದ ಗಲ್ಲಿಯ ಕರೆಂಟನ್ನು ಮೊದಲೇ ತೆಗೆದಿದ್ದರಂತೆ. ನಮ್ಮ ಗಲ್ಲಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಪಾದ ಮುಳುಗುವ ನೀರಿನಲ್ಲಿ ಖುರಾನಾ ದಾಟಿ ಬಂದು, "ಬಚ್ಚೇ ಎಲ್ಲಾ ಒಳಗಿದ್ರಾ?" ಎಂದು ಕೇಳಿದರು. ತಲೆಯಾಡಿಸಿ ಕಾಫಿ ಕೊಟ್ಟೆ. "ನೀವು ಹೇಗೆ ನಂಬಿದ್ರಿ?" ಎಂದೆ.

ಅವರು ಲೋಟ ನೋಡುತ್ತಲೇ ಹೇಳಿದರು. ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಎಚ್ಚರಿಕೆ ಬಂದಿತ್ತಂತೆ. ದಿನಾ ಬರುವ ಸುಳ್ಳುಗಳಲ್ಲಿ ಇದೂ ಒಂದೆಂದು ಅಳಿಸಿಬಿಟ್ಟರಂತೆ. ಅವರ ಹೆಂಡತಿ ಬಟ್ಟೆ ತರಲು ತಾರಸಿಗೆ ಹೋಗಿದ್ದರು. ಗಾಳಿಗೆ ಬಿದ್ದವರು ಇವತ್ತಿಗೂ ವಾಕರ್ ಹಿಡಿದೇ ನಡೆಯುವುದು. "ಅವಳಿಗೆ ಹೇಳಲಿಲ್ಲ ನಾನು. ಹೇಳಿದ್ರೆ ಹೋಗ್ತಿರಲಿಲ್ಲ," ಎಂದರು.

ಹನ್ನೊಂದು ವರ್ಷ ಎದುರುಬದುರು ಇದ್ದವಳು ನಾನು. ಮೊದಲು ಗಂಡನ ಜೊತೆ ಅಂಗಡಿಯಲ್ಲಿರುತ್ತಿದ್ದ ಆಕೆ ಬರುವುದನ್ನು ಯಾಕೆ ಬಿಟ್ಟರೆಂದು ಒಂದು ದಿನವೂ ಕೇಳಿರಲಿಲ್ಲ. ಆ ಫೋಟೊ ಕಳಿಸಿದ್ದು ಖುರಾನಾರೇನಾ ಎಂಬುದು ನನಗೆ ಈಗಲೂ ಗೊತ್ತಿಲ್ಲ. ಕೇಳಲೂ ಹೋಗಲಿಲ್ಲ.

ಈಗ ಫೋನು ಹಾಗೆ ಕಿರುಚಿದರೆ ನಾನು ಓದಿ, ಹೊರಗಿನ ಮೇಜು ಖಾಲಿ ಮಾಡಿಸಿ, ಗಲ್ಲಿಯ ಆ ತುದಿಯವರೆಗೆ ಹೋಗಿ ಹೇಳಿ ಬರುತ್ತೇನೆ. ಕೆಲವು ಸಲ ಏನೂ ಆಗುವುದಿಲ್ಲ, ಬಿಸಿಲು ಹಾಗೇ ಇರುತ್ತದೆ, ಜನ ನಗುತ್ತಾರೆ. ಮೊನ್ನೆ ಹೀಗೆ ಹೇಳಲು ಹೋದಾಗ, ಹೊಸದಾಗಿ ಜ್ಯೂಸ್ ಅಂಗಡಿ ತೆರೆದವಳು, ಇವಳಿಗೆ ನನ್ನಿಂದ ಏನು ಬೇಕಿದೆಯೋ ಎಂಬಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೋಪ ಬರಲಿಲ್ಲ. ಇನ್ನೊಂದು ಸಲ ಹೇಳಿದೆ.