ಅಪ್ಪನ ಆಣೆ, ಖಾಲಾಳ ಸೋಫಾ

ಭಾಲ್ಕಿಯಲ್ಲಿ ನಮ್ಮದು ಬಟ್ಟೆಯ ಅಂಗಡಿ, ಅದರ ಹಿಂದೆಯೇ ಮನೆ. ಎದುರು ಮನೆಯಲ್ಲಿ ತಹಸೀಲು ಕಚೇರಿಯ ಪೇಶ್ಕಾರರಿದ್ದರು. ಅವರ ಹೆಂಡತಿಯನ್ನು ನಾನು, ಅವರ ಮಾತಿನಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ, ಖಾಲಾ ಎಂದು ಕರೆಯುತ್ತಿದ್ದೆ. ಅವಳ ಪಡಸಾಲೆಯಲ್ಲಿ ಇಂಗ್ಲೆಂಡಿನಿಂದ ಬಂದ ಹಳೆಯ ಸೋಫಾ ಇತ್ತು. ಸಿಕಂದರಾಬಾದಿನ ಯಾರೋ ದೊರೆ ತನ್ನ ದೇಶಕ್ಕೆ ಮರಳುವಾಗ ಮಾರಿದ್ದಂತೆ. ಕಪ್ಪು ಮರ, ಹುಲಿಯ ಪಂಜದಂತೆ ಕೆತ್ತಿದ ಕಾಲು, ಹಸಿರು ಮಖಮಲ್ಲು. ಒಂದು ತುದಿಯಲ್ಲಿ ಬಟ್ಟೆ ಸವೆದು ಒಳಗಿನ ಕುದುರೆಗೂದಲು ಚುಚ್ಚುತ್ತಿತ್ತು. ನಾನು ಕೂರುತ್ತಿದ್ದದ್ದು ಅಲ್ಲಿ. ಇನ್ನೊಂದು ತುದಿ ಖಾಲಾಳದು. ನಡುವಿನ ಜಾಗ, ಮಧ್ಯಾಹ್ನ ಕೆಲಸ ಮುಗಿಸಿ ಬರುವ ಅಮ್ಮನಿಗೆ.

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆಯಾದಾಗ ನನಗೆ ಒಂಬತ್ತು ವರ್ಷ. ಬೀದಿಯಲ್ಲಿ ಏನೇನು ನಡೆಯಿತೆಂದು ನಾನು ಹೇಳಲಾರೆ. ನಮ್ಮ ಕದ ಮುಚ್ಚಿತ್ತು. ಕಿಂಡಿಯಲ್ಲಿ ಕಂಡದ್ದು ಇಷ್ಟು: ಪರಿಚಯದ ಜನ ಪರರ ಹಂಡೆ, ಪಲಂಗ ಹೊತ್ತು ಹೋಗುತ್ತಿದ್ದರು. ಒಬ್ಬನ ತಲೆಯ ಮೇಲೆ ತೊಟ್ಟಿಲಿತ್ತು. ಬೀದರಿಗೆ ಹೋಗಿದ್ದ ಪೇಶ್ಕಾರರು ತಿರುಗಿ ಬರಲಿಲ್ಲ. ಖಾಲಾ ಮತ್ತು ಅವಳ ಇಬ್ಬರು ಮಕ್ಕಳು ನಮ್ಮ ಜೋಳದ ಕೋಣೆಯಲ್ಲಿದ್ದರು. ಅವಳ ಮನೆಗೆ ಅಪ್ಪ ತನ್ನ ಬೀಗ ಹಾಕಿದ್ದರಿಂದ ಸಾಮಾನು ಉಳಿಯಿತು. ಅದೇ ದಿನಗಳಲ್ಲಿ ಅಪ್ಪ ಪೂಜೆಗೆ ಕೂತು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಮುಸಲ್ಮಾನರ ಮನೆಗಳ ಒಂದು ಕಡ್ಡಿಯೂ ನಮ್ಮ ಹೊಸ್ತಿಲು ದಾಟದು ಎಂದು ಆಣೆ ಮಾಡಿದ.

ಚಳಿ ಕಳೆಯುವ ಹೊತ್ತಿಗೆ ಹೈದರಾಬಾದಿನಿಂದ ಖಾಲಾಳ ಅಣ್ಣ ಬಂದ. ಅವಳನ್ನು ಮೊದಲು ಕಳಿಸಿ, ತಾನು ಉಳಿದು ಸಾಮಾನು ಹರಾಜು ಹಾಕುವುದೆಂದು ನಿಶ್ಚಯಿಸಿದ. ಹೊರಡುವಾಗ ಖಾಲಾ ಅಮ್ಮನ ಕೈ ಹಿಡಿದಳು.

"ಅಕ್ಕಾ, ಹರಾಜಿನ್ಯಾಗ ಸೋಫಾ ನೀವೇ ತಗೋರಿ. ನಾ ಬಂದಾಗ ಕುಂದ್ರಲಾಕ ನಂದಂತ ಒಂದು ಜಾಗಾ ಇರ್ಲಿ."

"ನಿನ್ನ ಬಿಟ್ಟು ಯಾರೂ ಅದರ ಮ್ಯಾಲ ಕುಂದ್ರಂಗಿಲ್ಲ ತಂಗಿ. ಬೆಕ್ಕಿಗೂ ಹತ್ತಗೊಡಂಗಿಲ್ಲ."

ಖಾಲಾ ನಕ್ಕಳು. ಆ ತಿಂಗಳುಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹರಾಜಿನ ದಿನ ಅಪ್ಪ ಅವಳ ಅಂಗಳಕ್ಕೆ ಬಂದು ಬಾಗಿಲ ಬಳಿ ನಿಂತ. ಸೋಫಾದ ಸರದಿ ಬಂದರೂ ಸವಾಲು ಕೂಗಲಿಲ್ಲ.

"ಏಕ್ ಬಾರ್... ದೋ ಬಾರ್..." ಹರಾಜಿನವನು ಕೂಗಿದ.

"ಕೂಗ್ರೀ," ಎಂದಳು ಬಾಗಿಲ ಮರೆಯಲ್ಲಿದ್ದ ಅಮ್ಮ.

"ಲಿಂಗ ಹಿಡದು ಆಣಿ ಮಾಡೇನಿ."

"ಅದು ಲೂಟಿ ಸಾಮಾನಿಗ್ರಿ. ಇದು ಆಕಿನೇ ತಗೋರಿ ಅಂದಾಳ."

"ನೋಡೋರಿಗಿ ಅದೂ ಒಂದೇ, ಇದೂ ಒಂದೇ."

ಬೀದರಿನ ಗಂಜ್ ಪೇಟೆಯ ಒಬ್ಬ ವ್ಯಾಪಾರಿ ಅದನ್ನು ಕೊಂಡ. ಎತ್ತಿನ ಗಾಡಿಯಲ್ಲಿ ಸೋಫಾ ನಮ್ಮ ಅಂಗಡಿಯ ಮುಂದೆಯೇ ಹೋಯಿತು. ಕಟ್ಟಿದ ಹಗ್ಗ ಮಖಮಲ್ಲಿನೊಳಗೆ ಇಳಿದಿತ್ತು.

"ಲೂಟಿ ಮಾಡಿದವರ ಮನ್ಯಾಗ ಪಲಂಗ ಅದಾವ," ಎಂದಳು ಅಮ್ಮ. "ಆಣಿ ಮಾಡಿದವರ ಮನ್ಯಾಗ ಆಕಿಗಿ ಕುಂದ್ರಲಾಕ ಜಾಗಾ ಇಲ್ಲ."

ಅಪ್ಪ ಅಳೆದ ಬಟ್ಟೆಯನ್ನೇ ಮತ್ತೆ ಅಳೆದ.

ಮಳೆಗಾಲಕ್ಕೆ ಖಾಲಾಳ ಉರ್ದು ಕಾಗದ ಬಂತು. ಸೋಫಾವನ್ನು ಬಿಸಿಲಿಗೆ ಇಡಬೇಡಿ, ಬಣ್ಣ ಹೋಗುತ್ತದೆ. ಮಕ್ಕಳ ಶಾಲೆಗೆ ರಜೆ ಬಿದ್ದಾಗ ಬರುತ್ತೇನೆ, ಎಂದಿತ್ತು. ಸೋಫಾ ಬೇರೆಯವರ ಪಾಲಾದದ್ದನ್ನು ಅವಳ ಅಣ್ಣ ಅವಳಿಗೆ ಹೇಳಿರಲಿಲ್ಲ.

"ಏನಂತ ಬರಿತೀರಿ?" ಅಮ್ಮ ಕೇಳಿದಳು.

"ಇದ್ದದ್ದು ಬರಿತೇನಿ."

ಅಮ್ಮನಿಗೆ ಉರ್ದು ಬರುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕಲಿತಿದ್ದೆ. ಅಂಗಡಿಯ ಗಾದಿಯ ಮೇಲೆ ಮಸಿ ಆರಲೆಂದು ಬಿಟ್ಟಿದ್ದ ಕಾಗದದಲ್ಲಿ ಅಪ್ಪ ಬರೆದದ್ದು ಎರಡೇ ಸಾಲು: "ನಿಮ್ಮ ಸೋಫಾ ಜೋಪಾನವಾಗಿದೆ. ಯಾವಾಗ ಬೇಕಾದರೂ ಬನ್ನಿ." ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಹೈದರಾಬಾದಿನ ರೈಲು ಬರುವ ಹೊತ್ತಿಗೆ ಅಪ್ಪ ಗಿರಾಕಿಗಳನ್ನು ಬಿಟ್ಟು ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ, ಸ್ಟೇಶನ್ನಿನ ದಾರಿ ನೋಡುತ್ತ. ಅವಳು ಬರಲಿ ಎಂದೋ, ಬಾರದಿರಲಿ ಎಂದೋ, ನನಗೆ ಇಂದಿಗೂ ಗೊತ್ತಿಲ್ಲ. ಅವನ ಪಕ್ಕದಲ್ಲಿ ನಾನೂ ನಿಲ್ಲುತ್ತಿದ್ದೆ. ನಾನು ನಿಂತದ್ದು ಬರಲಿ ಎಂದೇ.