ಲೇಬಲ್ ಓದಿದ ಸಾಯನ್ಸ್ ಅಣ್ಣ

ಬೇಡಕಿಹಾಳದ ಅಭಿನಂದನನಿಗೆ ಆ ಹೆಸರಿಟ್ಟವರು ದೂರದೃಷ್ಟಿಯುಳ್ಳವರೇ ಇರಬೇಕು. ಐವತ್ನಾಲ್ಕು ವರ್ಷಗಳಿಂದ ಅವನು ಬೇರೆಯವರಿಗಾಗಿ ಕಾಯದೆ ತನ್ನನ್ನು ತಾನೇ ಅಭಿನಂದಿಸಿಕೊಳ್ಳುತ್ತ ಬಂದಿದ್ದ. ಎರಡು ಎಕರೆ ಕಬ್ಬು, ಒಂದು ಖಿಲ್ಲಾರಿ ಆಕಳು, ಹೆಂಡತಿ ರಾಜಮತಿ, ಚಿಕ್ಕೋಡಿ ಕಾಲೇಜಿನಲ್ಲಿ ಓದಿ ಬಿಟ್ಟ ಒಂದೂವರೆ ವರ್ಷದ ಬಿ.ಎಸ್ಸಿ. ಇಷ್ಟು ಅವನ ಆಸ್ತಿ. ಇದರಲ್ಲಿ ಅವನು ದಿನಾ ಬಳಸುತ್ತಿದ್ದದ್ದು ಕೊನೆಯದನ್ನು.

ಸಕ್ಕರೆ ರೋಗದ ಗುಳಿಗೆಯಾಗಲಿ, ಕಬ್ಬಿಗೆ ಹೊಡೆಯುವ ಔಷಧವಾಗಲಿ, ಓಣಿಗೆ ಬಂದ ಯಾವ ಡಬ್ಬಿಯ ಮೇಲಿನ ಇಂಗ್ಲಿಷನ್ನೂ ಮೊದಲು ಅವನೇ ಓದಬೇಕು. ಮಾಯಪ್ಪನ ಚಹಾದಂಗಡಿಯ ಬಾಕಿನ ಮೇಲೆ ಕೂತು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಡಬ್ಬಿಯನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆ ಸುಮ್ಮನಿರುವಿಕೆಗೇ ಜನ ಹೆಚ್ಚು ಹೆದರುತ್ತಿದ್ದರು. ಊರು ಅವನನ್ನು ‘ಸಾಯನ್ಸ್ ಅಣ್ಣಾ’ ಎನ್ನುತ್ತಿತ್ತು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ಅವನು ಎಂದೂ ಬೇರೆ ಮಾಡಿ ನೋಡಿರಲಿಲ್ಲ. ಹಾಲು, ನೀರು ಎರಡನ್ನೂ ಸೇರಿಸಿಯೇ ಕುಡಿದುಬಿಟ್ಟಿದ್ದ.

ದನಗಳಿಗೆ ಲಂಪಿ ಎಂಬ ಚರ್ಮಗಂಟು ರೋಗ ಬಂದ ವರ್ಷ ಅದು. ಸುದ್ದಿ ಮೊದಲು ಬಂತು, ಬೆನ್ನಿಗೇ ರೋಗ ಬಂತು. ಜ್ವರ ಬಂದು ಮೈತುಂಬ ಗಂಟು ಏಳುವುದು, ಕಾಲು ಬಾತು ದನ ನಿಂತಲ್ಲೇ ಕುಸಿಯುವುದು. ಲಸಿಕೆ ಹಾಕುವ ಸಿದ್ದಲಿಂಗ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದಾಗ, ಜನ ತಮ್ಮ ತಮ್ಮ ದನ ಹಿಡಿದು ಚಹಾದಂಗಡಿಯ ಮುಂದೆ ಸಾಲು ನಿಂತಿದ್ದರು. ಸಾಲಿನಲ್ಲಿ ಮೊದಲು ಇದ್ದವಳು ಶಹಜಾದಬಿ. ಒಂದೇ ಒಂದು ಜರ್ಸಿ ಆಕಳು ಕಟ್ಟಿ, ಹತ್ತು ಮನೆಗೆ, ಮಾಯಪ್ಪನ ಅಂಗಡಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದ ವಿಧವೆ.

“ತಡಿಯೋ ಸಿದ್ದಲಿಂಗ,” ಅಂದ ಅಭಿನಂದನ. “ಶೀಶೆ ಕೊಡಿಲ್ಲಿ.”

ಕನ್ನಡಕ ಇಳಿಯಿತು. ತೋಳು ಚಾಚಿತು. ಸಾಲು ಉಸಿರು ಹಿಡಿಯಿತು.

“ಗೋಟ್ ಪಾಕ್ಸ್,” ಎಂದು ಓದಿದ. “ಗೋಟ್ ಅಂದ್ರ ಏನ್ಲೇ ಮಾಯಪ್ಪಾ?”

“ಆಡ್ರಿ ಅಣ್ಣಾ.”

“ಇಲ್ಲಿ ನಿಂತದ್ದೇನು?”

“ಆಕಳ್ರಿ.”

“ಆಡಿನ ಲಸಿಕಿ ಆಕಳಿಗೆ! ನಾಳೆ ನಿನಗ ನೆಗಡಿ ಬಂದ್ರ ಕೋಳಿ ಸೂಜಿ ಚುಚ್ತಾರ ನೋಡು. ಮುಂಜಾನೆದ್ದು ಮಾಳಗಿ ಮ್ಯಾಲೆ ನಿಂತು ಕೂಗು!”

ಓಣಿ ನಕ್ಕಿತು. ಸಿದ್ದಲಿಂಗ ಬೆವರು ಒರೆಸಿಕೊಂಡ. “ಹಂಗಲ್ರಿ ಅಣ್ಣಾರ. ಆಡಿನ ಸಿಡುಬು, ಈ ಲಂಪಿ, ಎರಡೂ ಒಂದ ಮನಿತಾನದ್ದು ಅಂತಾರ್ರಿ.”

“ಮನಿತಾನ ಕೇಳಾಕ ಬಂದೀ ಅಂದ್ರ, ಏನು ಲಗ್ನ ಕೂಡಸ್ತೀ?”

ಎರಡನೇ ನಗೆ ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಅರ್ಧ ಸಾಲು ಕರಗಿತು. ಶಹಜಾದಬಿ ತನ್ನ ಆಕಳನ್ನು ತಿರುಗಿಸಿಕೊಂಡು ಹೊರಟಳು. ಸಿದ್ದಲಿಂಗ ಕೂಗಿ ಕರೆದಾಗ, “ಅಣ್ಣಾ ಓದಿದಾಂವ. ಅಂವಾ ಬ್ಯಾಡಂದ್ರ ಬ್ಯಾಡೋ ಯಪ್ಪಾ,” ಅಂದಳು.

ಅಂದು ಸಂಜೆ ಅಭಿನಂದನ ಫೋನು ಹಿಡಿದು ಕೂತ. ಸತ್ಯ ಹುಡುಕುವುದಕ್ಕೆ ಅಲ್ಲ. ಮರುದಿನ ನಗಿಸಲು ಇನ್ನೆರಡು ಮಾತು ಬೇಕಾಗಿತ್ತು. ಸಿಕ್ಕಿದ್ದು ಬೇರೆ. ಆಡಿನ ಸಿಡುಬು, ಕುರಿಯ ಸಿಡುಬು, ದನಗಳ ಲಂಪಿ, ಮೂರೂ ಒಂದೇ ಕುಲದ ವೈರಸ್ಸುಗಳು. ಆಡಿನದನ್ನು ಬಲ ತೆಗೆದು ಆಕಳಿಗೆ ಚುಚ್ಚಿದರೆ, ಆಕಳ ಮೈ ಅಣ್ಣನ ಮುಖ ನೋಡಿ ತಮ್ಮನ ಗುರುತು ಹಿಡಿಯುವುದನ್ನು ಕಲಿಯುತ್ತದೆ. ಓದುತ್ತಿದ್ದಂತೆ ಅವನಿಗೆ ಇನ್ನೊಂದು ನೆನಪಾಗಿ ಕಿವಿ ಬಿಸಿಯಾಯಿತು. ಆಕಳ ಸಿಡುಬಿನಿಂದ ಮನುಷ್ಯರ ಸಿಡುಬಿಗೆ ಲಸಿಕೆ ಹುಟ್ಟಿದ ಪಾಠ. ಹೈಸ್ಕೂಲಿನಲ್ಲೇ ಇತ್ತು. ಪರೀಕ್ಷೆಯಲ್ಲಿ ಅದೇ ಬಂದು ಐದಕ್ಕೆ ಐದು ಅಂಕ ತೆಗೆದಿದ್ದ.

ರಾಜಮತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. “ಏನಾತ್ರಿ? ಯಾರರೆ ಹ್ವಾದ್ರೇನು?”

ಹೇಳಿದ.

“ಅದಕ್ಕೇನು, ನಾಳೆ ಹೋಗಿ ನಂದು ತಪ್ಪಾತು ಅಂತ ಹೇಳಿ ಬರ್ರಿ.”

“ನಕ್ಕ ಬಾಯಿ ಇನ್ನಾ ಮುಚ್ಚಿಲ್ಲ ಅವರದು. ಏನಂತ ಹೇಳ್ಲಿ?”

“ಲೇಬಲ್ ಓದಾಕ ಬರ್ತೈತಿ, ಲಸಿಕಿ ತಿಳಿಯಂಗಿಲ್ಲ ಅಂತ ಹೇಳ್ರಿ.”

ಇಂಥ ಮಾತು ಆಡುವ ಹೆಂಡತಿ ಇದ್ದರೆ ಮನುಷ್ಯ ಹೊರಗೆ ಹೋಗಿ ಡಬ್ಬಿ ಓದದೆ ಇನ್ನೇನು ಮಾಡಿಯಾನು?

ಮುಂದಿನ ಸಂತೆಯ ದಿನ, ಓಣಿಯೆಲ್ಲ ಚಿಕ್ಕೋಡಿಗೆ ಹೋದ ಹೊತ್ತು ನೋಡಿ, ಅಭಿನಂದನ ಸಿದ್ದಲಿಂಗನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆಸಿಕೊಂಡ. ಖಿಲ್ಲಾರಿಯ ಕೊಂಬನ್ನು ತಾನೇ ಹಿಡಿದ. ಸೂಜಿ ಇಳಿಯಿತು.

“ಬುಕ್ಕಿನಾಗ ಬರಿಬ್ಯಾಡ,” ಅಂದ.

“ಒಂದ ಡೋಸ್ ಚೆಲ್ಲಿತು ಅಂತ ಹಾಕ್ತೀನ್ರಿ,” ಅಂದ ಸಿದ್ದಲಿಂಗ. ಹೊರಡುವ ಮೊದಲು ಒಂದು ಕ್ಷಣ ನಿಂತ. “ಆದ್ರ ಅಣ್ಣಾರ, ಆ ಮಂದಿಗೂ ಒಂದ ಮಾತ ಹೇಳ್ರಿ. ನನ್ನ ಮಾತ ಯಾರೂ ಕೇಳವಲ್ರು.”

“ಹೇಳ್ತೀನಿ, ಹೇಳ್ತೀನಿ. ಟೈಮ್ ನೋಡಿ ಹೇಳ್ತೀನಿ.”

ದಿನಾ ಟೈಮ್ ನೋಡಿದ. ಒಂದು ದಿನ ಚಹಾದಂಗಡಿಯಲ್ಲಿ ಮಂದಿ ಬಹಳ ಇದ್ದರು, ಎಲ್ಲರ ಮುಂದೆ ಹೇಗೆ ಹೇಳುವುದು? ಇನ್ನೊಂದು ದಿನ ಮಂದಿಯೇ ಇರಲಿಲ್ಲ, ಮಾಯಪ್ಪನೊಬ್ಬನಿಗೆ ಹೇಳಿ ಏನು ಉಪಯೋಗ? ಒಮ್ಮೆ ಶಹಜಾದಬಿಯೇ ಹಾಲಿನ ಕ್ಯಾನು ಹಿಡಿದು ಎದುರಾದಳು. ಬಾಯಿ ತೆರೆದ. “ಮಳಿ ಬರೂ ಹಂಗ ಐತಿ,” ಅಂದು ಮುಂದೆ ಹೋದ.

ಲಸಿಕೆ ಹಾಕಿಸಿ ಇಪ್ಪತ್ತೈದು ದಿನವಾಗಿತ್ತು. ಶಹಜಾದಬಿ ಓಡುತ್ತ ಬಂದಳು. ಆಕಳಿಗೆ ಜ್ವರ, ಕುತ್ತಿಗೆಯಲ್ಲಿ ಗಂಟು. ಅಭಿನಂದನ ಆಗಲೂ ಫೋನಿನಲ್ಲಿ ಓದಿದ್ದೊಂದನ್ನು ಹೇಳಿದ: ಹತ್ತು ವೀಳ್ಯದೆಲೆ, ಹತ್ತು ಮೆಣಸಿನಕಾಳು, ಉಪ್ಪು, ಬೆಲ್ಲ, ಅರೆದು ತಿನ್ನಿಸು. ಅದು ತಪ್ಪಲ್ಲ, ಬಹಳ ಕಡೆ ಮಾಡುತ್ತಾರೆ. ಆದರೆ ಬಾಗಿಲು ಮುರಿದ ಮೇಲೆ ಚಿಲಕಕ್ಕೆ ಎಣ್ಣೆ ಹಾಕಿದ ಹಾಗೆ. ಒಂಬತ್ತನೇ ದಿನ ಆಕಳು ಸತ್ತಿತು.

ಗುಂಡಿ ತೋಡುವಾಗ ಎಲ್ಲರಿಗಿಂತ ಹೆಚ್ಚು ಮಣ್ಣು ಎತ್ತಿದವನು ಅಭಿನಂದನ. ಅಂಗೈ ಬೊಬ್ಬೆ ಎದ್ದಿತು. ಅದನ್ನು ನೋಡಿ ಜನ ಹೊಗಳಿದರು. ಅವರಲ್ಲೇ ಒಬ್ಬ ಕೇಳಿದ, “ಅಣ್ಣಾ, ನಿನ್ನ ಆಕಳಿಗೆ ಒಂದ ಗಂಟೂ ಬರಲಿಲ್ಲಲ್ಲ, ಹೆಂಗ?”

“ನಾ ಮೊದಲಿಂದ ಎಲಿ-ಮೆಣಸ ತಿನಸ್ತೀನಿ.”

ಅಷ್ಟೇ ಅಂದಿದ್ದು. ಆ ಮಾತು ತಾನೇ ಎದ್ದು ನಡೆದು ನಿಪ್ಪಾಣಿಯ ತನಕ ಹೋಯಿತು. ಯಾರ್ಯಾರೋ ಫೋನು ಮಾಡಿ ಮೆಣಸಿನ ಲೆಕ್ಕ ಕೇಳಿದರು. ಮೊದಲು ಮುಜುಗರವಾಯಿತು. ಆಮೇಲೆ, ಹೇಳಬಾರದು, ಹತ್ತು ಕಾಳನ್ನು ಹನ್ನೊಂದು ಮಾಡಿ, ಬರಿಗಾಲಲ್ಲಿ ನಿಂತು ಅರೆಯಬೇಕು ಎಂದೂ ಸೇರಿಸಿದ.

ಮರುವರ್ಷ ಬೇಸಿಗೆಯಲ್ಲಿ ಪಶುವೈದ್ಯ ಕಾಲೇಜೊಂದರಿಂದ ರೂಪಾಲಿ ಎಂಬ ಸಂಶೋಧಕಿ ಬಂದಳು. ಅಥಣಿಯ ಕಡೆಯ ಹುಡುಗಿ, ಸ್ಕೂಟಿಯ ಮೇಲೆ ರಕ್ತದ ನಳಿಕೆಗಳ ಪೆಟ್ಟಿಗೆ. ಆಡಿನ ಲಸಿಕೆ ಆಕಳಲ್ಲಿ ಎಷ್ಟು ದಿನ ಕೆಲಸ ಮಾಡುತ್ತದೆ, ಲಂಪಿಯನ್ನು ಜರ್ಸಿಯ ಮೈ ಹೇಗೆ ಎದುರಿಸುತ್ತದೆ, ಖಿಲ್ಲಾರಿಯ ಮೈ ಹೇಗೆ ಎದುರಿಸುತ್ತದೆ ಎಂದು ಹೋಲಿಸುವುದು ಅವಳ ಕೆಲಸ. ಓಣಿಯ ನಡುವೆ ರೋಗ ಕುಣಿದು ಹೋದರೂ, ಲಸಿಕೆಯಿಲ್ಲದೆ ಕೂದಲೂ ಕೊಂಕದೆ ಉಳಿದ ಖಿಲ್ಲಾರಿಯೊಂದು ಬೇಡಕಿಹಾಳದಲ್ಲಿ ಇದೆ ಎಂದು ಕೇಳಿ ನೇರವಾಗಿ ಅಭಿನಂದನನ ಅಂಗಳಕ್ಕೆ ಬಂದಿದ್ದಳು.

“ಅಣ್ಣಾರ, ಇದು ಖರೇ ಇದ್ರ ದೊಡ್ಡ ಸುದ್ದಿರಿ.”

ಅಭಿನಂದನ ಇಸ್ತ್ರಿ ಅಂಗಿ ಹಾಕಿಕೊಂಡು ಆಕಳ ಪಕ್ಕ ನಿಂತ. ರಕ್ತ ತೆಗೆಯುವಾಗ ಆಕಳಿಗಿಂತ ಅವನೇ ಹೆಚ್ಚು ಎದೆ ಉಬ್ಬಿಸಿದ್ದ. ರಾಜಮತಿ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಒಳಗಿನಿಂದ ಪಾತ್ರೆಗಳ ಸದ್ದು ಮಾತ್ರ ಬೇಕಾದದ್ದಕ್ಕಿಂತ ಜೋರಾಗಿ ಬರುತ್ತಿತ್ತು.

ತಿಂಗಳ ಮೇಲೆ ರೂಪಾಲಿ ವರದಿ ಹಿಡಿದು ಮರಳಿ ಬಂದಳು. ಶಹಜಾದಬಿಯೂ ಬಂದು ಅಂಗಳದ ಅಂಚಿಗೆ ಕುಕ್ಕರುಗಾಲಲ್ಲಿ ಕೂತಳು. ಹೊಸದಾಗಿ ಒಂದು ಕರು ತಂದಿದ್ದಳು. ಅದಕ್ಕೆ ಏನು ಮಾಡಬೇಕೆಂದು ಕೇಳಬೇಕಿತ್ತು.

“ನಿಮ್ಮ ಆಕಳ ರಕ್ತದಾಗ ಕಾವಲುಗಾರರು ಅದಾರ್ರಿ,” ಅಂದಳು ರೂಪಾಲಿ. “ವೈರಸ್ ಬಂದ್ರ ಗುರ್ತ ಹಿಡಿಯೂ ಪ್ರತಿಕಾಯಗಳು. ಆದ್ರ ಒಂದ ತೊಡಕೈತಿ. ಶತ್ರು ಬಂದಿದ್ದ ಅಂತ ರಕ್ತ ನೆನಪಿಟ್ಟೈತಿ. ಬಂದಾಂವ ಲಂಪಿನೋ, ಲಸಿಕ್ಯಾಗಿನ ಆಡಿನ ಸಿಡುಬೋ, ಅದನ್ನ ನನ್ನ ಪರೀಕ್ಷೆ ಹೇಳಾಂಗಿಲ್ಲ. ಎರಡೂ ಒಂದ ಮಾರಿ. ರೋಗ ಬಂದು ಗಂಟ ಏಳದಂಗ ಹೋಗಿದ್ರ, ಈ ತಳಿ ಮ್ಯಾಲೆ ನಾವು ವರ್ಷಗಟ್ಟಲೆ ಕೆಲಸ ಮಾಡಬಹುದು. ಲಸಿಕಿ ಹಾಕಿಸಿದ್ರ, ಏನೂ ಹೊಸದಿಲ್ಲ. ಬುಕ್ಕಿನಾಗ ಇಲ್ಲ ಅಂತೈತಿ. ನೀವ ಹೇಳ್ರಿ. ಹಾಕ್ಸಿದ್ರೇನು?”

ಇಷ್ಟು ಓದಿದ ಹುಡುಗಿ, ಇಷ್ಟು ಯಂತ್ರ, ಇಷ್ಟು ನಳಿಕೆ. ಎಲ್ಲ ಬಂದು ಕಡೆಗೆ ನಿಂತದ್ದು ಅವನ ಬಾಯಿಯ ಮುಂದೆ. ಜೀವಮಾನವಿಡೀ ವಿಜ್ಞಾನ ತನ್ನ ಮಾತು ಕೇಳಲಿ ಎಂದು ಬಯಸಿದ್ದ. ಈಗ ಅದು ನಿಜವಾಗಿಯೂ ಕೇಳುತ್ತಿತ್ತು. ‘ಇಲ್ಲ’ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಆಗಲೇ ಶಹಜಾದಬಿ ಬಾಯಿ ತೆಗೆದಳು. “ಡಾಕ್ಟರ್ ಅಕ್ಕಾರ, ಒಂದ ಕೇಳ್ಲೇನ್ರಿ? ನಡಬರಕ ಮಾತಾಡ್ತೀನಿ, ಸಿಟ್ಟಾಗಬ್ಯಾಡ್ರಿ. ಅಣ್ಣಾ ಹತ್ತ ಮೆಣಸ ಹಾಕು ಅಂದಿದ್ದ. ಮನ್ಯಾಗ ಎಂಟ ಇದ್ವು. ಎಂಟ ಹಾಕ್ದೆ. ಮೂಕ ಪ್ರಾಣಿ, ಆ ಎರಡ ಕಾಳಿನ ಸಲುವಾಗಿ ಸತ್ತಿತೇನ್ರಿ?”

ಅಡುಗೆಮನೆಯ ಸದ್ದು ನಿಂತಿತು.

ಒಂಬತ್ತು ತಿಂಗಳು ಈ ಹೆಂಗಸು ಎರಡು ಮೆಣಸಿನಕಾಳಿನ ಪಾಪ ಹೊತ್ತು ತಿರುಗಿದ್ದಾಳೆ ಎಂದು ಅಭಿನಂದನನಿಗೆ ತಿಳಿದಿರಲಿಲ್ಲ. ಕಾಲ ಕೆಳಗಿನ ಸಗಣಿಯನ್ನು ನೋಡುತ್ತ ನಿಂತ. ತಲೆ ಎತ್ತಲು ಆಗಲಿಲ್ಲ. ಸಗಣಿಗೇ ಹೇಳಿದ:

“ಹಾಕ್ಸೀನ್ರಿ. ಲಸಿಕಿ. ಹಿತ್ತಲದಾಗ. ಬುಕ್ಕಿನಾಗ ಬರಿಬ್ಯಾಡ ಅಂತ ನಾನ ಅಂದಿದ್ದೆ.”

ರೂಪಾಲಿಯ ಪೆನ್ನು ಹಾಳೆಯ ಮೇಲೆ ನಿಂತಿತು. ಮುಖದಲ್ಲಿದ್ದ ಆಸೆ ಇಳಿಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ತಾರೀಖು?” ಅಂದಳು.

ಹೇಳಿದ. ಸಂತೆಯ ದಿನ, ಓಣಿಯಲ್ಲಿ ಶೀಶೆ ಓದಿದ ಮುಂದಿನ ವಾರ.

“ಅಂದ್ರ ಮೆಣಸಿಂದಲ್ಲ,” ಅಂದಳು ಶಹಜಾದಬಿ. ಅವಳ ಮುಖದಲ್ಲಿ ಒಂದು ಕ್ಷಣ ಬಂದದ್ದು ಬರೀ ನೆಮ್ಮದಿ. ಅದನ್ನು ನೋಡುವುದಕ್ಕಿಂತ ಅವಳ ಸಿಟ್ಟು ನೋಡುವುದು ಸುಲಭವಿತ್ತು. ಸಿಟ್ಟು ಆಮೇಲೆ, ಬೆರಳು ಮಡಿಚಿ ಎಣಿಸಿದ ನಂತರ ಬಂತು. “ನನ್ನ ಆಕಳಿಗೆ ಜ್ವರ ಬಂದದ್ದು ಅದಕ್ಕ ಇಪ್ಪತ್ತೈದ ದಿನ ಮ್ಯಾಲೆ. ಇಪ್ಪತ್ತೈದ ದಿನ ನಿನಗ ಗೊತ್ತಿತ್ತು. ದಿನಾ ಮಾಯಪ್ಪನ ಅಂಗಡ್ಯಾಗ ನನ್ನ ಹಾಲಿನ ಚಾ ಕುಡ್ದಿ.”

ಇದುವರೆಗೆ ಅಣ್ಣಾ ಎನ್ನುತ್ತಿದ್ದ ಬಾಯಿ ಈಗ ಬರೀ ‘ನೀ’ ಎಂದಿತು.

“ತಪ್ಪಾತು ಬೀ. ಒಂದ ಆಕಳ ನಾ...”

“ಆಕಳ ಬ್ಯಾಡ. ನನಗೊಬ್ಬಾಕಿಗಿ ಹೇಳಿದ್ರ ಆಗಲಿಲ್ಲ. ಎಲ್ಲಿ ನಗಿಸಿದ್ದಿ, ಅಲ್ಲಿ ಹೋಗಿ ಹೇಳು.”

ಮರುದಿನ ಬೆಳಿಗ್ಗೆ ಅಭಿನಂದನ ಮಾಯಪ್ಪನ ಅಂಗಡಿಗೆ ಹೋದ. ಬಾಕಿನ ಮೇಲೆ ಕೂರಲಿಲ್ಲ. ಎಂಟು-ಹತ್ತು ಜನ ಇದ್ದರು. ನಿಂತಲ್ಲೇ, ಪಾಠ ಒಪ್ಪಿಸುವ ಹುಡುಗನ ಹಾಗೆ, ಗೋಟ್ ಪಾಕ್ಸಿನಿಂದ ಹಿತ್ತಲ ಬಾಗಿಲಿನವರೆಗೆ ಎಲ್ಲ ಹೇಳಿದ. ಎಲೆ-ಮೆಣಸಿನದು ಬಡಾಯಿ, ಬರಿಗಾಲಿನದಂತೂ ಶುದ್ಧ ಸುಳ್ಳು, ಈ ಸಲ ಲಸಿಕೆ ಬಂದರೆ ಎಲ್ಲರೂ ಹಾಕಿಸಿ ಅಂದ. ಬೆವರು ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯುತ್ತಿತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಮಾಯಪ್ಪ.

“ಅಣ್ಣಾ, ನಮ್ಮನ್ನೇನು ಹುಚ್ಚರ ಮಾಡ್ತೀ? ಆ ಡಾಕ್ಟರ್ ಹುಡುಗಿ ನಿನ್ನ ಔಷಧ ಒಯ್ದಾಳ. ಬಾಯಿ ಮುಚ್ಚು ಅಂತ ಹೇಳ್ಯಾಳ. ಹೌದಿಲ್ಲೋ?”

“ಹಂಗಲ್ಲೋ...”

“ದೊಡ್ಡ ಮನಷ್ಯಾ ಬಿಡ್ರಿ ಅಣ್ಣಾ,” ಅಂದ ಇನ್ನೊಬ್ಬ. “ತನ್ನ ಗುಣಾ ತಾನ ಮುಚ್ಚಿಡತಾನ.”

ಇಡೀ ಅಂಗಡಿ ನಕ್ಕಿತು, ಪ್ರೀತಿಯಿಂದಲೇ. ತಾನಾಗಿ ತಂದೊಪ್ಪಿಸಿದ ಅವಮಾನವನ್ನು ಸಹ ಊರು ಅವನ ಕೈಯಿಂದ ತೆಗೆದುಕೊಳ್ಳಲು ಸಿದ್ಧವಿರಲಿಲ್ಲ. ಇಷ್ಟು ವರ್ಷ ಅಭಿನಂದನ ಹೇಳಿದ್ದನ್ನೆಲ್ಲ ನಂಬಿದ ಜನ, ಒಂದು ನಿಜ ಹೇಳಿದ ದಿನ ನಂಬುತ್ತಿಲ್ಲ.

ರಸ್ತೆಯ ಆಚೆ ಹಾಲಿನ ಕ್ಯಾನಿಲ್ಲದ ಬರಿಗೈಯಲ್ಲಿ ಶಹಜಾದಬಿ ನಿಂತಿದ್ದಳು. ಯಾವಾಗ ಬಂದಳೋ. ಸೆರಗು ಸರಿಪಡಿಸಿಕೊಂಡು ಅಂಗಡಿಯ ಮುಂದೆ ಬಂದು ನಿಂತಳು.

“ನಗಬ್ಯಾಡ್ರಿ,” ಅಂದಳು. “ಖರೇ ಹೇಳಾಕತ್ತಾನ.”

ನಗೆ ನಿಂತಿತು. ಮಾಯಪ್ಪ ಚಹಾ ಸೋಸುವುದನ್ನು ಮರೆತ. ಎಲ್ಲರ ಕಣ್ಣೂ ಅಭಿನಂದನನ ಮೇಲೆ ಬಂದು ಕೂತವು. ಅವನ ಮಾತಿಗೆ ಸಾಕ್ಷಿ ಹೇಳಲು ಇಡೀ ಊರಿನಲ್ಲಿ ಸಿಕ್ಕವಳು ಅವಳೊಬ್ಬಳೇ.