ಕೆಳಗಿನ ಕಣ್ಣಿನ ಮುಚ್ಚಳ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬೆಳಗಿನ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಜಟ್ಟಪ್ಪನಿಗೆ ಕ್ಯಾಮೆರಾದ ಹುಚ್ಚು. ಅದೂ ಎಂತಹ ಕ್ಯಾಮೆರಾ! ರೀಲು ಹಾಕಿ ತಿರುಗಿಸುವ, ಜನ ಮರೆತು ಅಟ್ಟಕ್ಕೆ ಎಸೆದ ಕ್ಯಾಮೆರಾ. ಬಸ್ಸಿನಲ್ಲಿರುವ ಪ್ರತಿಯೊಬ್ಬರ ಕೈಯಲ್ಲೂ ಫೋನಿರುವಾಗ ಇವನದೇನು ವಿಪರೀತ ಎಂದು ಕೇಳಿದವರಿಗೆ ಬರವಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ಹೆಂಡತಿ ಹಾಲಮ್ಮ.

"ಅನ್ನಕ್ಕೆ ಅಂತ ಡ್ರಮ್ಮಿಗೆ ಕೈ ಹಾಕಿದ್ರೆ ಅಕ್ಕಿ ಬದ್ಲು ಕ್ಯಾಮೆರಾ ಸಿಗ್ತದಲ್ರೀ, ಇದನ್ನೂ ತೊಳ್ದು ಬೇಯ್ಸ್ಲಾ?"

ಅವಳ ಸಿಟ್ಟು ಸುಳ್ಳಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ದೇವರ ಪಟಕ್ಕೂ ಬರುತ್ತದೆ, ಇನ್ನು ಲೆನ್ಸು ಬಿಟ್ಟೀತೇ? ಅಕ್ಕಿಯೊಳಗೆ ಹೂತಿಟ್ಟರೆ ತೇವ ತಟ್ಟುವುದಿಲ್ಲ ಎಂಬುದು ಜಟ್ಟಪ್ಪ ತಾನೇ ಕಂಡುಕೊಂಡ ಉಪಾಯ. ಹಾಲಮ್ಮ ಬೈಯುತ್ತಲೇ ಕ್ಯಾಮೆರಾಗಳಿಗೆ ಹಳೇ ಸೀರೆಯ ಚೀಲ ಹೊಲಿದುಕೊಟ್ಟಳು. ಅವಳ ಬೈಗುಳಕ್ಕೆ ಅಷ್ಟೇ ಅರ್ಥ.

ಹುಚ್ಚು ಹಿಡಿದದ್ದು ಬ್ಯಾಕೋಡಿನ ಶಾಲೆಯಲ್ಲಿ. ಒಮ್ಮೆ ಫೋಟೋದವನೊಬ್ಬ ಬಂದು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಾಗ, ಹೆಡ್‌ಮಾಸ್ತರರೂ ಉಸಿರು ಬಿಗಿಹಿಡಿದು ನಿಂತರು. ಯಾರಿಗೂ ಹೆದರದ ಹೆಡ್‌ಮಾಸ್ತರರನ್ನು ಹಾಗೆ ನಿಲ್ಲಿಸುವ ಪೆಟ್ಟಿಗೆ ತನಗೂ ಒಂದು ಬೇಕು ಎಂದು ಜಟ್ಟಪ್ಪನಿಗೆ ಅನಿಸಿಬಿಟ್ಟಿತು. ಆಮೇಲೆ ಅಪ್ಪನ ಜೊತೆ ಗದ್ದೆ ಹೂಡಿದ, ಲಾರಿ ತೊಳೆದ, ಕಂಡಕ್ಟರನಾದ. ಆಸೆ ಮಾತ್ರ ಹಾಗೇ ಉಳಿಯಿತು.

ಬಸ್ಸೇ ಅದನ್ನು ತೀರಿಸಿತು. ಈ ದಾರಿಯ ಪ್ರೈವೇಟ್ ಬಸ್ಸೆಂದರೆ ಬರೀ ಜನ ಹೊರುವ ಗಾಡಿಯಲ್ಲ. ಸಾಗರದಿಂದ ಬಿ.ಪಿ. ಮಾತ್ರೆ, ಹೊಸನಗರದಿಂದ ರಿಪೇರಿಯಾದ ಮಿಕ್ಸಿ ಜಾರು, ಯಾರದೋ ಮಗಳಿಗೆ ಅಮ್ಮನ ಉಪ್ಪಿನಕಾಯಿ, ಎಲ್ಲವೂ ಕಂಡಕ್ಟರನ ಕೈ ದಾಟಿಯೇ ಹೋಗಬೇಕು. ಹಾಗೆ ಸಾಮಾನು ಕೊಡುವ ಜನ ಹಳೇ ಕ್ಯಾಮೆರಾಗಳನ್ನೂ ಕೊಡತೊಡಗಿದರು. "ಜಟ್ಟಪ್ಪಣ್ಣ, ಗುಜರಿಗೆ ಹಾಕ್ಬೇಕು ಅಂತಿದ್ದೆ, ನಿಂಗೆ ಬೇಕಾ?" ಜಟ್ಟಪ್ಪನದು ಒಂದೇ ಕಟ್ಟುಪಾಡು: ಕ್ಯಾಮೆರಾ ಯಾವ ಮನೆಯಿಂದ ಬಂತೋ, ರಿಪೇರಿಯಾದ ಮೇಲೆ ಅದರಲ್ಲಿ ತೆಗೆಯುವ ಮೊದಲ ಫೋಟೋ ಆ ಮನೆಯವರದೇ. ಇದನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲ.

ಕೋಣಂದೂರು ದಾಟಿದ ಮೇಲೆ, ತೀರ್ಥಹಳ್ಳಿಗೆ ಇನ್ನೂ ಸ್ವಲ್ಪ ದೂರವಿರುವಾಗ, ರಸ್ತೆಗೆ ಅಂಟಿಕೊಂಡೇ ಒಂದು ಮನೆ. ಅಲ್ಲಿ ಭಾಗೀರಥಮ್ಮ, ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಮೇಧಾಳ ಜೊತೆ ಇದ್ದಾರೆ. ಗಂಡ ಅನಂತಮೂರ್ತಿ ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಗಿದೆ. ಕಳೆದ ಬೇಸಿಗೆಯಲ್ಲಿ ಆಕೆ ಬಸ್ಸಿಗೆ ಕೈ ಅಡ್ಡ ಹಿಡಿದು, ಯಾಷಿಕಾ ಕ್ಯಾಮೆರಾವೊಂದನ್ನು ಜಟ್ಟಪ್ಪನ ಕೈಗೆ ಕೊಟ್ಟರು. ಒಂದರ ಮೇಲೊಂದು ಎರಡು ಲೆನ್ಸು. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು.

"ಇದ್ರಲ್ಲಿ ನಮ್ಮನೆಯವ್ರು ಊರಿಗೆಲ್ಲ ಫೋಟೋ ತೆಗ್ದ್ರು ಮಾರಾಯ. ನಂದು ಮಾತ್ರ ಒಂದೂ ಇಲ್ಲ. ಬಿಸಿಲಿಗೆ ಛತ್ರಿ ಹಿಡಿಯೋದು, ಲೆನ್ಸಿನ ಮುಚ್ಚಳ ತೆಗ್ದು ಸೆರಗಿಗೆ ಕಟ್ಕೊಳ್ಳೋದು, ಇದೇ ನನ್ ಕೆಲ್ಸ ಆಯ್ತು."

"ಮೊದಲ್ನೇ ಫೋಟೋ ನಿಮ್ದೇ ಅಮ್ಮ," ಎಂದ ಜಟ್ಟಪ್ಪ.

"ಚೆನ್ನಾಗಿ ತೆಗಿ. ಪೇಪರಿನ ಶ್ರದ್ಧಾಂಜಲಿಗೆ ಬೇಕು. ಆಧಾರ್ ಕಾರ್ಡಿನ ಫೋಟೋ ಹಾಕಿದ್ರೆ, ಇವ್ಳು ಎಂತ ಕದ್ದು ಸಿಕ್ಕಿಬಿದ್ಲು ಅಂತ ಜನ ಕೇಳ್ತಾರೆ."

ಬಸ್ಸಿಗೆ ಬಸ್ಸೇ ನಕ್ಕಿತು. ಜಟ್ಟಪ್ಪನಿಗೆ ನಗು ಬರಲಿಲ್ಲ. ಅವರ ಎದೆಗೆ ಆಪರೇಷನ್ ಆಗಬೇಕೆಂದು ಮೇಧಾ ಹಿಂದಿನ ವಾರವಷ್ಟೇ ಹೇಳಿದ್ದಳು.

ಅವರು ಮಣಿಪಾಲದ ಆಸ್ಪತ್ರೆಗೆ ಹೊರಡುವುದರೊಳಗೆ ಫೋಟೋ ಆಗಲೇಬೇಕು ಎಂದು ಜಟ್ಟಪ್ಪ ಹಟ ಹಿಡಿದ. ಶಟರ್ ಬಿಚ್ಚಿದ, ಎಣ್ಣೆ ಗಟ್ಟಿಯಾಗಿದ್ದನ್ನು ಒರೆಸಿದ, ಬೂಷ್ಟು ತೆಗೆದ. ಕೆಳಗಿನ ಲೆನ್ಸಿನ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ರಸ್ತೆಯ ಧೂಳು ಹೋಗಬಾರದೆಂದು ಔಷಧದ ಡಬ್ಬಿಯ ಕಪ್ಪು ಮುಚ್ಚಳವೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ಬಿಗಿಯಾಗಿ ಕೂರುವ ಹಾಗೆ ಮಾಡಿಕೊಂಡ. ಅಂಗಡಿಯದೇ ಅನ್ನಬೇಕು, ಅಷ್ಟು ಚೆನ್ನಾಗಿ ಕೂತಿತು. ತರಿಸಿಟ್ಟಿದ್ದ ಒಂದೇ ಒಂದು ರೋಲನ್ನು ಹಾಕಿದ.

ಅವರು ಆಸ್ಪತ್ರೆಗೆ ಹೊರಡುವ ಮುಂಚಿನ ದಿನ ಬಸ್ಸು ಮನೆಯ ಮುಂದೆ ನಿಂತಿತು. ಡ್ರೈವರ್ ಮಂಜಯ್ಯ, "ಹಿಂದಿನ ಬಸ್ಸು ಬರೋದ್ರೊಳ್ಗೆ ಮುಗ್ಸೋ ಪುಣ್ಯಾತ್ಮ!" ಎಂದು ಹಾರ್ನ್ ಬಾರಿಸಿದ. ಪ್ರಯಾಣಿಕರು ಕಿಟಕಿಗೆ ಮುತ್ತಿದರು. ಭಾಗೀರಥಮ್ಮ ಹಸಿರಂಚಿನ ಸೀರೆಯುಟ್ಟು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು.

ಇಷ್ಟು ಜನ ನೋಡುತ್ತಿರುವಾಗ ಜಟ್ಟಪ್ಪನಿಗೆ ಸ್ವಲ್ಪ ಮೆರೆಯುವ ಆಸೆಯಾದದ್ದು ತಪ್ಪೇ? "ನೋಡ್ರಪ್ಪಾ, ಮೇಲಿನ ಕಣ್ಣು ನಂಗೆ, ಕೆಳಗಿನ ಕಣ್ಣು ಫಿಲ್ಮಿಗೆ," ಎಂದು ಕಿಟಕಿಗಳಿಗೆಲ್ಲ ಪಾಠ ಹೇಳಿದ. ಬಗ್ಗಿ ನೋಡಿದ. ಗಾಜಿನಲ್ಲಿ ಭಾಗೀರಥಮ್ಮ ಸ್ಪಷ್ಟವಾಗಿ ಕಂಡರು. ಅವರು ಕ್ಯಾಮೆರಾವನ್ನೇ ದಿಟ್ಟಿಸಿ ನೋಡಿ, ಏನೋ ಹೇಳಲೆಂದು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

"ರೈಟ್!" ಎಂದ ಜಟ್ಟಪ್ಪ.

ಅಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋದೀತು? ಬಸ್ಸು ಬುರ್ರನೆ ಮುಂದೆ ಹಾರಿತು. "ಹೋಲ್ಡಾನ್, ಹೋಲ್ಡಾನ್! ನಿಂಗಲ್ಲ ಮಂಜಣ್ಣ!" ಎಂದು ಜಟ್ಟಪ್ಪ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಆ ಗದ್ದಲದಲ್ಲೇ ಭಾಗೀರಥಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, ಗೇಟಿಗೆ ಒರಗಿಸಿ, ರೋಲು ಮುಗಿಯುವವರೆಗೂ ತೆಗೆದ. ದಿನಾ ಇದೇ ಬಸ್ಸಿನಲ್ಲಿ ಡ್ಯೂಟಿಗೆ ಹೋಗುವ ನರ್ಸ್ ಲಿಖಿತಾ ಕಿಟಕಿಯಿಂದ ಫೋನಿನಲ್ಲಿ ತಾನೂ ಒಂದು ತೆಗೆದುಕೊಂಡಳು.

ಭಾನುವಾರ ಬಚ್ಚಲುಮನೆಯಲ್ಲಿ ಫಿಲ್ಮು ತೊಳೆದು ಬೆಳಕಿಗೆ ಹಿಡಿದರೆ, ಏನೂ ಇಲ್ಲ! ಅಂಚಿನ ನಂಬರುಗಳು ಮಾತ್ರ ಅಚ್ಚುಕಟ್ಟಾಗಿ ಮೂಡಿದ್ದವು. ಅಂದರೆ ಫಿಲ್ಮಿನದೂ ತಪ್ಪಲ್ಲ, ಅದನ್ನು ತೊಳೆದ ಔಷಧದ್ದೂ ತಪ್ಪಲ್ಲ. ಜಟ್ಟಪ್ಪ ಓಡಿಹೋಗಿ ಕ್ಯಾಮೆರಾ ನೋಡಿದ. ಕೆಳಗಿನ ಕಣ್ಣಿನ ಮೇಲೆ ಅವನದೇ ಮುಚ್ಚಳ, ಸೈಕಲ್ ಟ್ಯೂಬಿನದು, ಬಿಗಿಯಾಗಿ ಕೂತಿತ್ತು. ತೆಗೆಯುವುದನ್ನೇ ಮರೆತಿದ್ದ. ಮೇಲಿನ ಕಣ್ಣಿನಿಂದ ಎಲ್ಲ ಕಾಣುತ್ತಿದ್ದರೆ ಕೆಳಗಿನದು ಯಾರಿಗೆ ನೆನಪಾಗುತ್ತದೆ?

ಅವತ್ತು ಅವನಿಗೆ ಊಟ ಸೇರಲಿಲ್ಲ. ನಾಳೆ ಆಪರೇಷನ್. ಹೆಚ್ಚುಕಡಿಮೆ ಆದರೆ?

ಲಿಖಿತಾಳಿಗೆ ಮಾರನೇ ದಿನ ಬಸ್ಸಿನಲ್ಲಿ ಹೇಳಿಕೊಂಡ. ಅವಳು ಫೋನು ತೆಗೆದಳು. "ಇದ್ರಲ್ಲಿ ಅಜ್ಜಿ ಚೆನ್ನಾಗೇ ಬಂದಿದಾರೆ ನೋಡಿ ಅಣ್ಣ. ಕಪ್ಪು-ಬಿಳುಪು ಮಾಡಿ ಪ್ರಿಂಟ್ ಹಾಕ್ಸಿ ಕೊಟ್ಬಿಡಿ. ಯಾರಿಗ್ ಗೊತ್ತಾಗ್ತದೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಜಟ್ಟಪ್ಪ ಸಾಗರದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ಟಿಕೆಟ್ ಬ್ಯಾಗಿನೊಳಗೆ ಇಟ್ಟುಕೊಂಡ. ಆಪರೇಷನ್ ಸುಸೂತ್ರವಾಯಿತು ಎಂದು ಸುದ್ದಿ ಬಂದಾಗ ಬಸ್ಸಿನಲ್ಲೇ ಕೈ ಮುಗಿದ. ಆದರೆ ಚಿಲ್ಲರೆಗೆಂದು ಬ್ಯಾಗಿಗೆ ಕೈ ಹಾಕಿದಾಗಲೆಲ್ಲ ಆ ಫೋಟೋ ಬೆರಳಿಗೆ ತಗಲುತ್ತಿತ್ತು, ಮನಸ್ಸು ಕಸಿವಿಸಿಗೊಳ್ಳುತ್ತಿತ್ತು. ಹೊಸ ರೋಲಿಗೆ ಹೇಳಿ ಕಳಿಸಿದ.

ಭಾಗೀರಥಮ್ಮ ಮನೆಗೆ ಬಂದು ಓಡಾಡುವಷ್ಟಾದರು ಎಂದು ಗೊತ್ತಾದ ದಿನ ಬಸ್ಸು ಮತ್ತೆ ಆ ಗೇಟಿನ ಮುಂದೆ ನಿಂತಿತು. ಆಕೆ ಜಗುಲಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸ್ವಲ್ಪ ಇಳಿದುಹೋಗಿದ್ದರು.

"ಎಂತ ಜಟ್ಟಪ್ಪ, ಫೋಟೋ ತಂದ್ಯಾ?"

ಅವನ ಕೈ ಬ್ಯಾಗಿನೊಳಗೆ ಹೋಯಿತು. ಪ್ರಿಂಟು ಸಿಕ್ಕಿತು. ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಕೈ ಬರಿದಾಗಿಯೇ ಹೊರಗೆ ಬಂತು.

"ಬರ್ಲಿಲ್ಲ ಅಮ್ಮ. ಒಂದೂ ಬರ್ಲಿಲ್ಲ. ಮುಚ್ಚಳ ತೆಗೀದೇ ಹೊಡ್ದೆ. ನನ್ನಂಥ ದಡ್ಡ ಮತ್ತೊಬ್ಬ ಇಲ್ಲ, ಬೈದ್ಬಿಡಿ." ಅಷ್ಟು ಹೇಳುವಾಗ ಅವನ ಕಣ್ಣು ತುಂಬಿಬಂತು.

ಭಾಗೀರಥಮ್ಮ ಶಾಲು ಸರಿಮಾಡಿಕೊಂಡರು.

"ನಂಗೊತ್ತಿತ್ತು," ಎಂದರು.

"ಆಂ?"

"ಮುಚ್ಚಳ ಹಾಗೇ ಇದ್ದದ್ದು ಅವತ್ತೇ ಕಂಡಿತ್ತು. ಆಯಸ್ಸಿಡೀ ಆ ಮುಚ್ಚಳ ಕಾದವ್ಳು, ನಂಗೆ ಕಾಣ್ದೆ ಇರ್ತದಾ? ಹೇಳುವಾ ಅಂತ ಬಾಯಿ ತೆಗ್ದೆ. ಆಗ್ಲಿಲ್ಲ." ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಬಾಯಲ್ಲಿ ಶ್ರದ್ಧಾಂಜಲಿ ಅಂತ ತಮಾಷೆ ಮಾಡಿದ್ದೇ ಬಂತು. ಆ ಫೋಟೋ ಒಂದು ಬಂದ್ಬಿಟ್ರೆ ಹೊರಡೋಕೆ ಎಲ್ಲಾ ತಯಾರಾದ ಹಾಗೆ ಅನ್ನಿಸ್ತು. ಹೆದ್ರಿಕೆ ಆಗಿತ್ತು ಮಾರಾಯ. ಬಾರ್ದೇ ಹೋಗ್ಲಿ ಅಂತ ಸುಮ್ನೆ ಕೂತೆ. ನಿನ್ ರೋಲು ದಂಡ ಮಾಡ್ದೆ."

ಜಟ್ಟಪ್ಪನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು.

"ರೋಲಿದ್ಯಾ ಈಗ?"

"ಹಾಕ್ಕೊಂಡೇ ಬಂದೀನಿ ಅಮ್ಮ."

"ಇಲ್ಲಿ ಕೊಡು." ಆಕೆಯೇ ಕೈ ಚಾಚಿ ಕೆಳಗಿನ ಕಣ್ಣಿನ ಮುಚ್ಚಳ ಕಿತ್ತರು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನೆಟ್ಟಗೆ ಕೂತರು. "ಹ್ಞೂಂ, ಈಗ ತೆಗಿ."

ಜಟ್ಟಪ್ಪ ಬಗ್ಗಿದ. ಉಸಿರು ಬಿಗಿಹಿಡಿದು, "ರೈಟ್!" ಎಂದ.

ಹಿಂದೆ ಬಸ್ಸು ಬುರ್ರೆಂದಿತು. ಈ ಸಲ ಮಂಜಯ್ಯ ನಿಲ್ಲಿಸಲೇ ಇಲ್ಲ. ತಿರುವು ದಾಟಿ, ಕಂಡಕ್ಟರನನ್ನು ಬಿಟ್ಟು, ತೀರ್ಥಹಳ್ಳಿಯ ಕಡೆಗೆ ಹೊರಟೇಹೋಯಿತು. "ಅಯ್ಯೋ ಮಂಜಣ್ಣಾ!" ಎಂದು ಜಟ್ಟಪ್ಪ ಹೌಹಾರಿದಾಗ ಭಾಗೀರಥಮ್ಮ ಎದೆಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. ಆ ಕ್ಷಣಕ್ಕೆ ಅವನ ಬೆರಳು ತಾನಾಗಿಯೇ ಒತ್ತಿತು.

ಹಿಂದಿನ ಬಸ್ಸು ಬರುವವರೆಗೆ ಮೇಧಾ ಕಾಫಿ ಕೊಟ್ಟಳು. ಮುಂದಿನ ವಾರ ಜಟ್ಟಪ್ಪ ಫೋಟೋ ತಂದ. ಭಾಗೀರಥಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಮೊಳೆಯಿಂದ ತೆಗೆಸಿ, ಇದಕ್ಕೆ ಕಟ್ಟು ಹಾಕಿಸಿ ಅಲ್ಲೇ ತೂಗುಹಾಕಬೇಕೆಂದು ಮಗಳಿಗೆ ಹೇಳಿದರು.

"ಪೇಪರಿಗೆ ಇದು ಆಗೋದಿಲ್ಲ ಜಟ್ಟಪ್ಪ. ಇದ್ದಬದ್ದ ಹಲ್ಲೆಲ್ಲ ಕಾಣ್ತದೆ," ಎಂದರು. "ಅದಕ್ಕೆ ಬೇರೆ ತೆಗ್ಸುವಾ. ಅರ್ಜೆಂಟ್ ಎಂತದೂ ಇಲ್ಲ."